ಕಬ್ಬಿನೊಳಗಿನ ನೀರನ್ನು ಅಂಚಿನಿಂದ ಹಿಡಿದೆ: ಕೃಷ್ಣಾ ಕೊಳ್ಳದ ನೆರೆ ನಕ್ಷೆ

2019ರ ಆಗಸ್ಟ್ ನೆರೆಗೆ ನಾನು ಮಾಡಿದ ಮೊದಲ ನಕ್ಷೆಯಲ್ಲಿ ಜಮಖಂಡಿ ತಾಲ್ಲೂಕಿನ ಹೊಳೆದಂಡೆಯ ಊರೊಂದರ ಕಬ್ಬಿನ ಹೊಲಗಳಲ್ಲಿ ಹನಿ ನೀರಿರಲಿಲ್ಲ. ಆ ದಿನ ಊರಿಗೆ ಊರೇ ಪರಿಹಾರ ಕೇಂದ್ರದಲ್ಲಿತ್ತು. ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1ರ ಸಿ ಬ್ಯಾಂಡ್ ಎಂಬ ಗಿಡ್ಡ ಅಲೆ ಆಳೆತ್ತರದ ಕಬ್ಬಿನ ತಲೆಗೇ ಬಡಿದು ಹಿಂತಿರುಗುತ್ತದೆ ಎಂಬುದು ಉಪಗ್ರಹ ಚಿತ್ರದಿಂದ ನಕ್ಷೆ ಮಾಡುವ ಈ ಕಸುಬಿನವರಿಗೆಲ್ಲ ಗೊತ್ತು. ಅಮೆಜಾನ್ ಕೊಳ್ಳದ ಮುಳುಗು ಕಾಡುಗಳನ್ನು 1995-96ರಲ್ಲಿ ಜಪಾನಿನ ಜೆಇಆರ್‌ಎಸ್-1 ಉಪಗ್ರಹದ ಎಲ್ ಬ್ಯಾಂಡ್ (ಎಲೆಗಳನ್ನು ದಾಟಿ ಕೆಳಗಿಳಿಯುವ ಉದ್ದ ಅಲೆ) ಚಿತ್ರಗಳಿಂದ ಗುರುತಿಸಿದ್ದೂ ಇದೇ ಕಾರಣಕ್ಕೆ. "ಎಲ್ ಬ್ಯಾಂಡ್ ಇಲ್ಲದೆ ಕೃಷ್ಣೆಯ ಕಬ್ಬು ನಿಮ್ಮ ಕೈಗೆ ಸಿಗುವುದಿಲ್ಲ, ಬಿಟ್ಟುಬಿಡಿ" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಸಭೆಯಲ್ಲೇ ಹೇಳಿದರು.

ಮಾತು ಚುಚ್ಚಿತು. ಎಲ್ ಬ್ಯಾಂಡ್ ಚಿತ್ರವನ್ನೇ ಕೊಂಡೆ. ಸುಮಾರು 1,40,000 ರೂಪಾಯಿ, ಅದರಲ್ಲಿ ಅರ್ಧ ನನ್ನ ಕೈಯಿಂದ. ಬಂದ ಚಿತ್ರ ನೀರಿಳಿದ ನಂತರದ್ದು. ಹಣ ಹೊಳೆಗೇ ಹೋಯಿತು.

ಮುಂದಿನ ಒಂದು ವರ್ಷ ಮಿತಿಗೆರೆಯ ಹಿಂದೆ ಬಿದ್ದೆ. ಹಿಂತಿರುಗಿದ ಅಲೆ ಎಷ್ಟು ಕ್ಷೀಣವಾದರೆ, ಅಂದರೆ ಚಿತ್ರ ಎಷ್ಟು ಕಪ್ಪಾದರೆ, ಅದನ್ನು ನೀರೆನ್ನಬೇಕು ಎಂಬ ಗೆರೆ ಅದು. ಮೈನಸ್ 16, 17, 18 ಡೆಸಿಬಲ್ ಎಂದು ಬದಲಿಸಿದ್ದೇ ಬದಲಿಸಿದ್ದು. ಹಿಂಗಾರಿ ಬಿಳಿಜೋಳಕ್ಕೆಂದು ಖಾಲಿ ಬಿಟ್ಟು, ಕುಂಟೆ ಹೊಡೆದು ನುಣುಪಾಗಿಸಿದ ನರಗುಂದ, ನವಲಗುಂದದ ಎರೆ ಹೊಲಗಳು ವಿಎಚ್ ಎಂಬ ಬಗೆಯ ರೇಡಾರ್ ಚಿತ್ರದಲ್ಲಿ ನೀರಿನಷ್ಟೇ ಕಪ್ಪಾಗಿ ಕಂಡವು. ಗೆರೆ ಬಿಗಿಗೊಳಿಸಿದರೆ ಮಲಪ್ರಭೆಯ ನಿಜವಾದ ನೆರೆಯೇ ಅಳಿಸಿಹೋಗುತ್ತಿತ್ತು.

ಕೊನೆಗೆ ಕಬ್ಬಿನೊಳಗೆ ನೀರನ್ನು ಕಾಣುವ ಹಟವನ್ನೇ ಬಿಟ್ಟೆ. ಕಬ್ಬಿನ ಪಕ್ಕದಲ್ಲಿ ಖಾಲಿ ಹೊಲವಿರುತ್ತದೆ, ಸೋಯಾ ಇರುತ್ತದೆ, ಮಸಾರಿ (ಕೆಂಪು ಮಣ್ಣಿನ) ದಿಬ್ಬವಿರುತ್ತದೆ. ಅಲ್ಲಿ ನೀರಿನ ಅಂಚು ಸಿ ಬ್ಯಾಂಡ್‌ನಲ್ಲೂ ಸ್ಪಷ್ಟ. ಆ ಅಂಚುಗಳ ನೆಲದ ಎತ್ತರ ತೆಗೆದು, ಹೊಳೆಯ ಉದ್ದಕ್ಕೂ ನೀರಿನ ಮಟ್ಟವನ್ನು ಜೋಡಿಸಿ, ಅದಕ್ಕಿಂತ ತಗ್ಗಿನಲ್ಲಿದ್ದು ಹೊಳೆಗೆ ಸಂಪರ್ಕವಿರುವ ಕಬ್ಬನ್ನೆಲ್ಲ ಮುಳುಗಿದ್ದೆಂದು ಬರೆದೆ. ಮೊದಲ ಸಲ ನಕ್ಷೆಯ ತುಂಬ ದ್ವೀಪಗಳೆದ್ದವು. ನೆಲದ ಎತ್ತರಕ್ಕೆ ನಾನು ಬಳಸಿದ, 30 ಮೀಟರ್ ಚೌಕಗಳ ಕೋಪರ್ನಿಕಸ್ ಮಾದರಿ ಟ್ಯಾಂಡೆಮ್-ಎಕ್ಸ್ ರೇಡಾರ್ ಉಪಗ್ರಹಗಳ ಅಳತೆಯದು. ಅದು ಅಳೆದದ್ದು ನೆಲವನ್ನಲ್ಲ, ಕಬ್ಬಿನ ತಲೆಯನ್ನು! ಎರಡು ಮೀಟರ್ ಬೆಳೆ ಎರಡು ಮೀಟರ್ ಗುಡ್ಡವಾಗಿ ನಿಂತಿತ್ತು. ಇದನ್ನು ಕಂಡುಕೊಳ್ಳಲು ಎಂಟು ತಿಂಗಳು ಬೇಕಾಯಿತು. ಕಬ್ಬಿನ ಎತ್ತರವನ್ನು ಹೊಲದಿಂದ ಹೊಲಕ್ಕೆ ಕಳೆಯುವ ಲೆಕ್ಕ ಈಗ ನನ್ನ ಬಳಿ ಇದೆ. ಯಾವ ತಿಂಗಳ ಚಿತ್ರಗಳಿಂದ ಅದನ್ನು ತೆಗೆಯುತ್ತೇನೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ.

ಪರೀಕ್ಷೆ ನಡೆದದ್ದು 2021ರ ಜುಲೈ ನೆರೆಯಲ್ಲಿ. ದಿನಕ್ಕೆ 2,800 ರೂಪಾಯಿಯ ಬಾಡಿಗೆ ಜೀಪು, ಎತ್ತರ ಅಳೆಯಲು ಎರವಲು ತಂದ ಲೆವೆಲ್ ಯಂತ್ರ, ಹನ್ನೊಂದು ದಿನ. ಗೋಡೆಯ ಕೆಸರುಗೆರೆ ನೆರೆಯ ತುದಿಮಟ್ಟವನ್ನು ಹೇಳುತ್ತದೆಯೇ ಹೊರತು ಉಪಗ್ರಹ ಹಾದ ದಿನದ ಮಟ್ಟವನ್ನಲ್ಲ. ಹನ್ನೆರಡು ದಿನಕ್ಕೊಮ್ಮೆ ಬರುವ ಉಪಗ್ರಹಕ್ಕೆ ತುದಿಮಟ್ಟ ಸಿಗುವುದು ಅದೃಷ್ಟ. ಹಾಗಾಗಿ ಕಬ್ಬಿನ ಹೊಲಕ್ಕೇ ಇಳಿದೆ. ರವದಿ (ಒಣಗಿದ ಗರಿ) ಸುಲಿದು ನೋಡಿದರೆ ಗಣಿಕೆಯ ಮೇಲೆ ಒಂದರ ಕೆಳಗೊಂದು ಮೂರು ನಾಲ್ಕು ತೆಳು ಕೆಸರಿನ ಪಟ್ಟಿಗಳು, ನೀರು ಎಲ್ಲೆಲ್ಲಿ ತಂಗಿ ಇಳಿಯಿತೋ ಅಲ್ಲಲ್ಲಿ. ಸುಳಿಯೊಳಗೆ ಕೆಸರು ಹೋದ ಕಬ್ಬು ಕೊಳೆತು ನಾರುತ್ತಿತ್ತು. ಯಾವ ಪಟ್ಟಿ ಯಾವ ದಿನದ್ದು ಎಂದು ಊರಿನವರನ್ನೇ ಕೇಳಿದೆ. 2019ರದ್ದೂ ಅವರಿಗೆ ನೆನಪಿತ್ತು. "ತಮ್ಮಾ, ಪಂಚಮಿಯ ಉಂಡಿ ಡಬ್ಬಿಯನ್ನು ಅಟ್ಟಕ್ಕೆ ಏರಿಸುವಾಗ ನೀರು ಎರಡನೇ ಮೆಟ್ಟಿಲಿನಲ್ಲಿತ್ತು" ಎಂದು ಅಜ್ಜಿಯೊಬ್ಬರು ಮೆಟ್ಟಿಲನ್ನೇ ತೋರಿಸಿದರು. ಆ ವರ್ಷದ ಪಂಚಮಿ ಆಗಸ್ಟ್ 5. ಇಷ್ಟು ಖಚಿತ ದಾಖಲೆ ನನಗೆ ಯಾವ ಕಚೇರಿಯಲ್ಲೂ ಸಿಕ್ಕಿರಲಿಲ್ಲ.

ಐವತ್ತರ ಹತ್ತಿರ ಗುರುತುಗಳಲ್ಲಿ ನಲವತ್ತು ಅರ್ಧ ಮೀಟರಿನೊಳಗೆ ಕೂಡಿಬಂದವು. ಹಳೆಯ ನಕ್ಷೆ ಆ ಹೊಳೆದಂಡೆಯಲ್ಲಿ ಮೂರರಲ್ಲೊಂದು ಭಾಗ ಮುಳುಗಡೆಯನ್ನು ಬಿಟ್ಟಿತ್ತು. ಒಟ್ಟು ಖರ್ಚು ಅರವತ್ತು ಸಾವಿರ ದಾಟಲಿಲ್ಲ. ಕೊಂಡ ಚಿತ್ರದ ಅರ್ಧವೂ ಅಲ್ಲ. ಆ ಸಹೋದ್ಯೋಗಿ ಈಗ ತಮ್ಮ ವಿದ್ಯಾರ್ಥಿಗಳನ್ನು ನನ್ನ ಬಳಿ ಕಳುಹಿಸುತ್ತಾರೆ.

ಜೌಗು ಭೂಮಿಯ ಕೆಲಸ ಇದರ ಬೆನ್ನಿಗೇ ಬಂತು. ನೆರೆ ಇಳಿದ ಮೇಲೂ ಜನವರಿವರೆಗೆ ಎಲ್ಲಿ ನೀರು ಉಳಿಯುತ್ತದೆ ಎಂದು ನೋಡುತ್ತ ಹೋದರೆ ಆಲಮಟ್ಟಿ ಹಿನ್ನೀರಿನ ಅಂಚು ಚೆನ್ನಾಗಿ ಸಿಗುತ್ತದೆ. ಕಾಲುವೆ ಬಸಿಯಿಂದಾದ ಸವಳು-ಜವಳು (ಉಪ್ಪೇರಿ ನೀರು ಹಿಡಿದ ನೆಲ) ಮಾತ್ರ ಜೌಗಿನ ವೇಷ ಹಾಕಿ ಬರುತ್ತದೆ. ಅದು ಬೇಸಿಗೆಯಲ್ಲೂ ಹಸಿಯಾಗಿಯೇ ಇರುತ್ತದೆ, ಹೊಳೆಯ ಏರಿಳಿತಕ್ಕೆ ಮಿಡಿಯುವುದಿಲ್ಲ. ಅದನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಈ ನಡುವೆ ಕೆರೆಯೊಂದರಲ್ಲಿ ಅಂತರಗಂಗೆಯನ್ನೂ ಜೊಂಡನ್ನೂ ಬೇರ್ಪಡಿಸಲು ನೋಡಿದೆ. ಒಂದೇ ಚಿತ್ರದಲ್ಲಿ ಎರಡೂ ಒಂದೇ. ಆದರೆ ಅಂತರಗಂಗೆ ಗಾಳಿಗೆ ದಡದಿಂದ ದಡಕ್ಕೆ ಸರಿಯುತ್ತದೆ, ಜೊಂಡು ಬೇರೂರಿ ನಿಂತಿರುತ್ತದೆ. ಆರು ದಿನಾಂಕಗಳನ್ನು ಪೇರಿಸಿದೊಡನೆ ಬೇರಾದವು. ಗದಗದ ಮಾಗಡಿ ಕೆರೆಗೂ ಇದನ್ನು ಹಾಕಿ ನೋಡುವ ಆಸೆಯಿದೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದೆ.

ಕೃಷ್ಣೆಯ ಉಪನದಿ ದೂಧಗಂಗಾ ದಂಡೆಯಲ್ಲಿ ಮಾತ್ರ ವಿಧಾನ ಇನ್ನೂ ಕೈಕೊಡುತ್ತಿದೆ. ಅಲ್ಲಿ ದಡದಿಂದ ದಡಕ್ಕೆ ಕಬ್ಬು, ತೆರೆದ ಅಂಚೇ ಇಲ್ಲ. 2025ರ ಜುಲೈಯಲ್ಲಿ ಹಾರಿದ ನಾಸಾ-ಇಸ್ರೋ ಉಪಗ್ರಹ ನಿಸಾರ್‌ನ ಎಲ್ ಬ್ಯಾಂಡ್ ಅಲ್ಲಿ ನೆರವಾದೀತು. ಅಷ್ಟರೊಳಗೆ ಇಬ್ಬರು ರೈತರ ಹೊಲದಲ್ಲಿ ಗೇಣುಗೇಣಿಗೆ ಬಣ್ಣ ಬಳಿದ ಐದು ಕಬ್ಬಿಣದ ಕಂಬ ನೆಟ್ಟಿದ್ದೇನೆ. ಹೊಳೆ ಬಂದ ದಿನದಿಂದ ಬೆಳಗ್ಗೆ, ಸಂಜೆ ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸುವುದಾಗಿ ಇಬ್ಬರೂ ಒಪ್ಪಿದ್ದಾರೆ.