ಚರ್ಚ್ ಶಾಲೆಯಲ್ಲಿ ಸೆಕ್ಷನ್ ಇಳಿಸುವ ಲೆಕ್ಕ

ಶಾಲೆಯ ಒಟ್ಟು ಸಂಖ್ಯೆ ನೋಡುತ್ತಾ ಕೂತರೆ ಮಕ್ಕಳು ಕಡಿಮೆಯಾಗುತ್ತಿರುವುದು ತಡವಾಗಿ ಗೊತ್ತಾಗುತ್ತದೆ. ಬೆಂಗಳೂರಿನ ಕಾಟನ್‌ಪೇಟೆ, ಶಿವಾಜಿನಗರ, ಚಾಮರಾಜಪೇಟೆಯಂಥ ಹಳೇ ಭಾಗಗಳ ಶಾಲೆಗಳಲ್ಲಿ ಹತ್ತನೇ ಕ್ಲಾಸು ತುಂಬಿಯೇ ಇದ್ದು ಎಲ್‌ಕೆಜಿ ಬರಿದಾಗಿರಬಹುದು. ವಾಸದ ಮನೆ ಗೋಡೌನಾಗಿ, ಬಾಡಿಗೆಯವರು ಹೆಣ್ಣೂರಿಗೋ ಕನಕಪುರ ರಸ್ತೆಗೋ ಹೋದರೂ ಎಂಟನೇ ಕ್ಲಾಸಿನ ಹುಡುಗ ಬಿಎಂಟಿಸಿ ಹತ್ತಿ ಬರುತ್ತಾನೆ. ಅವನ ತಂಗಿಯನ್ನು ಮಾತ್ರ ಹೊಸ ಮನೆಯ ಪಕ್ಕದ ಶಾಲೆಗೆ ಸೇರಿಸುತ್ತಾರೆ. ಆಡಳಿತ ಮಂಡಳಿಗೆ ಒಟ್ಟು ಸಂಖ್ಯೆಯ ಹಾಳೆ ಕೊಡುವುದನ್ನು ನಾನು ಇದಕ್ಕೇ ನಿಲ್ಲಿಸಿದ್ದು. ಈಗ ಕೊಡುವುದು ತರಗತಿವಾರು ಐದು ವರ್ಷದ ಪಟ್ಟಿ, ಮಕ್ಕಳ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ನಿಂದ ತೆಗೆದದ್ದು, ಪ್ರತಿ ವರ್ಷವೂ ಸೆಪ್ಟೆಂಬರ್ 30ರ ಸಂಖ್ಯೆ. ಜೂನ್ ಸಂಖ್ಯೆಯನ್ನು ನಂಬಬಾರದು. ಹೆಸರು ಇರುತ್ತದೆ, ಮಗು ಇರುವುದಿಲ್ಲ.

ಪಟ್ಟಿಯನ್ನು ಓರೆಯಾಗಿ ಓದಬೇಕು. ಈ ವರ್ಷ ಯುಕೆಜಿಯಲ್ಲಿ 60 ಇದ್ದು ಮುಂದಿನ ವರ್ಷ ಒಂದನೇ ಕ್ಲಾಸಿಗೆ 48 ಬಂದರೆ ಉಳಿದದ್ದು ನೂರಕ್ಕೆ 80. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೀಗೇ ತೆಗೆದು, ಕಳೆದ ಮೂರು ವರ್ಷದ ಸರಾಸರಿ ಹಿಡಿದರೆ ಮುಂದಿನ ಮೂರು ವರ್ಷದ ಅಂದಾಜು ಸಿಗುತ್ತದೆ. ಎಲ್‌ಕೆಜಿಗೇ ಬಾರದಿರುವುದು ಒಂದು ಕಾಯಿಲೆ, ಬಂದವರು ಐದನೇ ಕ್ಲಾಸಿಗೆ ಬಿಟ್ಟು ಹೋಗುವುದು ಇನ್ನೊಂದು. ಮೊದಲನೆಯದಕ್ಕೆ ಕಾರಣ ಬಡಾವಣೆ, ಎರಡನೆಯದಕ್ಕೆ ಸಾಮಾನ್ಯವಾಗಿ ಸಿಬಿಎಸ್‌ಇ ಆಸೆ ಅಥವಾ ಫೀಸು. ಟಿಸಿ ಕೊಡುವಾಗ ಕಾರಣ ಮತ್ತು ಹೊಸ ಮನೆಯ ಪಿನ್‌ಕೋಡ್ ಬರೆದಿಟ್ಟುಕೊಂಡರೆ ಎರಡೇ ವರ್ಷದಲ್ಲಿ ಚಿತ್ರ ಸ್ಪಷ್ಟ.

ಇಲ್ಲೊಂದು ಎಚ್ಚರಿಕೆ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ಕ್ಕೆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ವಯಸ್ಸಿನ ಗೆರೆ ಹೀಗೆ ಹಿಂದೆ ಮುಂದೆ ಸರಿದಾಗ ಒಂದು ವರ್ಷ ಒಂದನೇ ಕ್ಲಾಸು ಉಬ್ಬಿ ಮರುವರ್ಷ ಕುಗ್ಗುತ್ತದೆ. ಕುಗ್ಗಿದ ಆ ಒಂದು ವರ್ಷ ನೋಡಿ ಸೆಕ್ಷನ್ ಮುಚ್ಚಬಾರದು.

ಸೆಕ್ಷನ್ ಇಳಿಸಲು ನಾನು ಇಟ್ಟುಕೊಂಡ ಗೆರೆ 44. ಎ, ಬಿ ಎರಡೂ ಸೇರಿ 44ಕ್ಕಿಂತ ಹೆಚ್ಚಿದ್ದರೆ ಎರಡು ಸೆಕ್ಷನ್, ಇಲ್ಲದಿದ್ದರೆ ಒಂದು. ಒಂದೇ ಕೋಣೆಗೆ ತರುವುದಾದರೆ ಏಪ್ರಿಲ್‌ನಲ್ಲಿ ಫಲಿತಾಂಶದ ದಿನವೇ ಪೋಷಕರಿಗೆ ಹೇಳಬೇಕು. ಜೂನ್ ಮಧ್ಯದಲ್ಲಿ ಹೇಳಿದರೆ ನಾಲ್ಕೈದು ಟಿಸಿ ಅರ್ಜಿ ಖಚಿತ.

ಇನ್ನು ಶಿಕ್ಷಕರ ವಿಷಯ. ಹೆಚ್ಚಿನ ಆಡಳಿತ ಮಂಡಳಿಗಳು ಮೊದಲ ಹೆಜ್ಜೆಯನ್ನೇ ತಪ್ಪಿಡುವುದು ಇಲ್ಲಿ. ‘ಎಷ್ಟು ಜನ ಹೆಚ್ಚು?’ ಎಂದು ಕೇಳುತ್ತಾರೆ. ಕೇಳಬೇಕಾದದ್ದು ‘ಯಾವ ವಿಷಯದ ಎಷ್ಟು ಪೀರಿಯಡ್ ಹೋಯಿತು?’ ಎಂದು. ಒಂದು ಮಾದರಿ ಶಾಲೆ ಹಿಡಿಯೋಣ. 1ರಿಂದ 10ರವರೆಗೆ ಎರಡೆರಡು ಸೆಕ್ಷನ್, ಒಟ್ಟು 20. ಶನಿವಾರವೂ ಸೇರಿ ಸೆಕ್ಷನ್ನಿಗೆ ವಾರಕ್ಕೆ 45 ಪೀರಿಯಡ್, ಅಂದರೆ 900. ಒಬ್ಬರಿಗೆ 28 ಪೀರಿಯಡ್ ಎಂದರೆ ಸುಮಾರು 32 ಜನ ಬೇಕು. 1ರಿಂದ 4ರವರೆಗೆ ಒಂದೊಂದೇ ಸೆಕ್ಷನ್ ಆದರೆ 16 ಸೆಕ್ಷನ್, 720 ಪೀರಿಯಡ್, 26 ಜನ. ಕಾಗದದ ಮೇಲೆ ಆರು ಮಂದಿ ಹೆಚ್ಚು.

ಆದರೆ ಹೋದ 180 ಪೀರಿಯಡ್‌ಗಳನ್ನು ಬಿಡಿಸಿ ನೋಡಿ. ಪ್ರತಿ ಸೆಕ್ಷನ್ನಿನಲ್ಲಿ ಕ್ಲಾಸ್ ಟೀಚರ್ ಇಂಗ್ಲಿಷ್, ಗಣಿತ, ಪರಿಸರ, ನೀತಿಬೋಧೆ ಸೇರಿ 28 ತೆಗೆದುಕೊಳ್ಳುತ್ತಾರೆ. ಉಳಿದ 17ರಲ್ಲಿ ಕನ್ನಡ 7, ಆಟ 3, ಕಂಪ್ಯೂಟರ್ 2, ಚಿತ್ರಕಲೆ 2, ಸಂಗೀತ 2, ಗ್ರಂಥಾಲಯ 1. ನಾಲ್ಕು ಸೆಕ್ಷನ್ನಿಗೆ ಗುಣಿಸಿದರೆ ನಾಲ್ವರು ಕ್ಲಾಸ್ ಟೀಚರ್‌ಗಳ ಪೂರ್ತಿ ಕೆಲಸ ಮತ್ತು ಒಬ್ಬ ಕನ್ನಡ ಶಿಕ್ಷಕರ ಪೂರ್ತಿ ಕೆಲಸ ಹೋಗಿದೆ. ಮಿಕ್ಕ 40 ಪೀರಿಯಡ್ ಐದು ಜನರ ಕೈಯಿಂದ ಚೂರುಚೂರಾಗಿ ಜಾರಿದೆ. ಆರನೆಯ ಆಸಾಮಿ ಎಲ್ಲೂ ಇಲ್ಲ. ಅವರನ್ನು ಹುಡುಕಿ ತೆಗೆದರೆ ಆಟದ ಮೇಷ್ಟ್ರಿಗೆ ಐದನೇ ಕ್ಲಾಸಿನ ಗಣಿತ ಕೊಡುವ ಪರಿಸ್ಥಿತಿ ಬರುತ್ತದೆ, ಆಮೇಲೆ ಆ ಗಣಿತಕ್ಕೇ ಇನ್ನಷ್ಟು ಟಿಸಿ. ಇನ್ನೊಂದು, ಮಕ್ಕಳು ಕಡಿಮೆಯಾದರೂ ಎಸ್‌ಎಟಿಎಸ್, ಯುಡೈಸ್ (ಶಾಲೆಗಳ ಅಂಕಿಅಂಶದ ರಾಷ್ಟ್ರೀಯ ದಾಖಲೆ), ವಿದ್ಯಾರ್ಥಿವೇತನ, ಪರೀಕ್ಷೆಯ ಬರವಣಿಗೆ ಕೆಲಸ ಕಡಿಮೆಯಾಗುವುದಿಲ್ಲ. ಅದನ್ನು ನೋಡಿಕೊಳ್ಳುವ ಶಿಕ್ಷಕರಿಗೆ ವಾರಕ್ಕೆ 4 ಪೀರಿಯಡ್ ಎಂದು ಲೆಕ್ಕದಲ್ಲೇ ಹಿಡಿಯುತ್ತೇನೆ.

ಧರ್ಮೋಪದೇಶದ ಪೀರಿಯಡ್ ನಮ್ಮಂಥ ಶಾಲೆಗಳಿಗಷ್ಟೇ ಇರುವ ತೊಡಕು. ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರಿಗೆ ನೀತಿಬೋಧೆ ನಡೆಯಬೇಕು. ಒಂದೇ ಹೊತ್ತಿಗೆ ಇಬ್ಬರು ಬೇಕಾಗುತ್ತಾರೆ. ತರಗತಿಯಲ್ಲಿ ಕಥೋಲಿಕ ಮಕ್ಕಳು ಏಳೋ ಎಂಟೋ ಇದ್ದಾಗ ಅವರಿಗಾಗಿ ಒಬ್ಬರನ್ನು ಕೂರಿಸುವುದು ದುಬಾರಿ. ಹಾಗೆಂದು ಎಲ್ಲರನ್ನೂ ಒಟ್ಟಿಗೆ ಧರ್ಮೋಪದೇಶಕ್ಕೆ ಕೂರಿಸುವಂತಿಲ್ಲ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸಬಾರದೆಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ. ನಾನು ಮಾಡುವುದು ಇಷ್ಟು: ಟೈಮ್‌ಟೇಬಲ್ ಬರೆಯುವಾಗ ಮೊಟ್ಟಮೊದಲು ಈ ಪೀರಿಯಡ್ಡನ್ನೇ ಕೂರಿಸುತ್ತೇನೆ. 3 ಮತ್ತು 4, 5 ಮತ್ತು 6, 7 ಮತ್ತು 8 ಹೀಗೆ ಜೋಡಿ ತರಗತಿಗಳಿಗೆ ಒಂದೇ ಹೊತ್ತು. ಜೋಡಿಯ ಕಥೋಲಿಕ ಮಕ್ಕಳನ್ನೆಲ್ಲ ಒಬ್ಬ ಸಿಸ್ಟರ್ ಪ್ರಾರ್ಥನಾ ಕೋಣೆಗೆ ಕರೆದೊಯ್ಯುತ್ತಾರೆ. ಕ್ಲಾಸ್ ಟೀಚರ್‌ಗಳು ತಮ್ಮ ತಮ್ಮ ಕೋಣೆಯಲ್ಲೇ ನೀತಿಬೋಧೆ ಮಾಡುತ್ತಾರೆ. ತರಗತಿಗೆ ಒಂದೇ ಸೆಕ್ಷನ್ ಇದ್ದರೆ ಜೋಡಿಗೆ ನಾಲ್ವರ ಬದಲು ಮೂವರು ಸಾಕು. ಕೊನೆಗೆ ಕೂರಿಸಲು ಹೋದರೆ ಜೋಡಿ ಎಂದೂ ಹೊಂದುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಲ್ಯಾಬ್ ಪೀರಿಯಡ್‌ಗಳು ಜಾಗ ಹಿಡಿದಿರುತ್ತವೆ.

ಯಾರನ್ನು ಎಲ್ಲಿಗೆ ಹಾಕಬಹುದು ಎನ್ನುವುದು ಸರ್ವಿಸ್ ರಿಜಿಸ್ಟರಿನಲ್ಲಿದೆ, ಸ್ಟಾಫ್ ರೂಮಿನ ಅಭಿಪ್ರಾಯದಲ್ಲಲ್ಲ. ಡಿ.ಎಲ್.ಎಡ್ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಜೊತೆಗೆ ಪದವಿ ಇರುವ ಪ್ರಾಥಮಿಕ ಶಿಕ್ಷಕಿ 6–8ಕ್ಕೆ ಮೇಲೇರಬಹುದು. ಬಿ.ಎಡ್ ಮಾತ್ರ ಇರುವ ಹೈಸ್ಕೂಲ್ ಶಿಕ್ಷಕರನ್ನು 1–5ಕ್ಕೆ ಇಳಿಸುವುದು ಕಷ್ಟ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಆ ಹಂತಕ್ಕೆ ಬಿ.ಎಡ್ ಅರ್ಹತೆಯಲ್ಲ ಎಂದು ತೀರ್ಪಿತ್ತಿತು. ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ವಿಚಾರದಲ್ಲಿ 2025ರ ಸೆಪ್ಟೆಂಬರ್ 1ರ ತೀರ್ಪು ಸೇವೆಯಲ್ಲಿರುವವರಿಗೂ ಅನ್ವಯಿಸಿತಾದರೂ ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಬಿಟ್ಟಿತು. ನಮಗೆ ಅನ್ವಯಿಸುವುದಿಲ್ಲ ಎಂದು ಕೈಕಟ್ಟಿ ಕೂರುವುದಕ್ಕಿಂತ ಬರೆಯಲು ಹೇಳುವುದೇ ಕ್ಷೇಮ. ಕನ್ನಡದ ಪೀರಿಯಡ್‌ಗೆ ಕತ್ತರಿ ಹಾಕುವಂತಿಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಎಲ್ಲ ಶಾಲೆಗಳಿಗೂ ಅನ್ವಯ. ಒಂದೇ ಆವರಣದಲ್ಲಿ ಅನುದಾನಿತ ವಿಭಾಗವೂ ಇದ್ದರೆ ಆ ಶಿಕ್ಷಕರನ್ನು ಅನುದಾನರಹಿತ ತರಗತಿಗಳಿಗೆ ತಳ್ಳಬೇಡಿ. ಅಲ್ಲಿ ಹೆಚ್ಚುವರಿ ಯಾರೆಂದು ತೀರ್ಮಾನಿಸುವುದು ಇಲಾಖೆ.

ಮಿಕ್ಕವರನ್ನು ಅದೇ ಸಂಸ್ಥೆಯ ಇನ್ನೊಂದು ಶಾಲೆಗೆ ಕಳಿಸುವುದು ಸಾಮಾನ್ಯ ದಾರಿ. ಮೊದಲು ನೇಮಕಾತಿ ಆದೇಶ ತೆಗೆದು ನೋಡಿ, ನೇಮಿಸಿಕೊಂಡದ್ದು ಶಾಲೆಯೋ ಸಂಸ್ಥೆಯೋ, ವರ್ಗಾವಣೆಯ ಷರತ್ತು ಇದೆಯೋ ಎಂದು. ರಾಜೀನಾಮೆ ಬರೆಸಿಕೊಂಡು ಅಲ್ಲಿ ಹೊಸ ನೇಮಕ ಮಾಡುವ ಅಡ್ಡದಾರಿ ಬೇಡವೇ ಬೇಡ. ಶಿಕ್ಷಕರಿಗೂ ಗ್ರಾಚ್ಯುಟಿ ಉಂಟು. ಅವರನ್ನು ಅದರೊಳಗೆ ತಂದ 2009ರ ತಿದ್ದುಪಡಿಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಕೊನೆಯ ವೇತನ 26,000 ರೂಪಾಯಿ, ಸೇವೆ 12 ವರ್ಷ ಎಂದರೆ 26ರಿಂದ ಭಾಗಿಸಿ 15ರಿಂದ ಗುಣಿಸಿದಾಗ ವರ್ಷಕ್ಕೆ 15,000, ಒಟ್ಟು 1,80,000. ಒಂದು ಸಹಿಯಲ್ಲಿ ಈ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುವಂತೆ ಮಾಡಿದರೆ ಅವರು ನ್ಯಾಯಮಂಡಳಿಗೆ ಹೋಗದೆ ಏನು ಮಾಡುತ್ತಾರೆ? ಆದೇಶದಲ್ಲಿ ‘ಸೇವೆ ಮುಂದುವರಿದಿದೆ, ವೇತನ ಮತ್ತು ಜ್ಯೇಷ್ಠತೆಗೆ ಧಕ್ಕೆಯಿಲ್ಲ’ ಎಂಬ ಸಾಲು ಇರಲಿ. ಪಿಎಫ್‌ಗೆ ಯುಎಎನ್ (ಸದಸ್ಯರ ಖಾಯಂ ಸಂಖ್ಯೆ) ಹಳೆಯದೇ, ಹೊಸ ಶಾಲೆಯ ಪಿಎಫ್ ಕೋಡ್ ಬೇರೆ ಆದರೆ ಹಣ ವರ್ಗಾಯಿಸಿಕೊಳ್ಳಬೇಕು. ತೆಗೆದುಹಾಕುವುದಂತೂ ಬೇರೆಯೇ ವಿಚಾರ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ.

ಕಾಲಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಸೆಂಬರ್‌ನಲ್ಲಿ ಲೆಕ್ಕ, ಜನವರಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತು, ಮಾರ್ಚ್ ಒಳಗೆ ಲಿಖಿತ ಆದೇಶ. ಮಾತಾಡುವಾಗ ಪೀರಿಯಡ್ ಪಟ್ಟಿಯನ್ನು ಮೇಜಿನ ಮೇಲಿಡಿ. ‘ಮೇಡಂ, ನಿಮ್ಮ 28ರಲ್ಲಿ ಉಳಿದದ್ದು 12’ ಎಂದು ತೋರಿಸಿದಾಗ ಇದು ತಮ್ಮ ಮೇಲಿನ ಸಿಟ್ಟಲ್ಲ ಎಂದು ಅರ್ಥವಾಗುತ್ತದೆ. ಹೆಣ್ಣೂರಿನ ಶಾಲೆ ಎಂದರೆ ಕಾಟನ್‌ಪೇಟೆಯ ಕಡೆಯವರಿಗೆ ಎರಡು ಬಸ್ಸು, ಬೆಳಗಿನ ಟ್ರಾಫಿಕ್ಕು. ಅದಕ್ಕೇ ಮೊದಲು ಮನೆ ಆ ಕಡೆ ಇರುವವರನ್ನು ಕೇಳಿ, ಆಮೇಲೆ ಜ್ಯೇಷ್ಠತೆಯ ಕೆಳಗಿನಿಂದ ಬನ್ನಿ. ಜುಲೈ ಎರಡನೇ ವಾರ ಹಾಜರಾತಿ ಹಿಡಿದು ಮತ್ತೊಮ್ಮೆ ಎಣಿಸುತ್ತೇನೆ. ಆಗ ಬದಲಾಯಿಸುವುದು ಚೂರು ಪೀರಿಯಡ್‌ಗಳನ್ನು ಮಾತ್ರ. ಕ್ಲಾಸ್ ಟೀಚರ್‌ರನ್ನು ದಸರಾ ರಜೆಯವರೆಗೂ ಮುಟ್ಟುವುದಿಲ್ಲ.