ತಗಡಿಂದೂ ಅಲ್ಲ, ಪ್ಲಾಸ್ಟಿಕ್‌ದೂ ಅಲ್ಲ: ಪ್ರೊಸೆಸರ್‌ಗೆ ಒಂದು ಅಗ್ಗದ ಕೂಲರ್

ಕಲಬುರಗಿಯಲ್ಲಿ ಅಂಗಡಿಗೆ ಹೋಗಿ "ಕೂಲರ್ ಬೇಕಿತ್ರೀ" ಅಂದರೆ ತಿರುಗಿ ಬರುವ ಪ್ರಶ್ನೆ ಒಂದೇ: "ತಗಡಿಂದೋ, ಪ್ಲಾಸ್ಟಿಕ್‌ದೋ?" ನನಗೆ ಬೇಕಿದ್ದದ್ದು ನೀರು ತುಂಬಿಸುವ ಕೂಲರ್ ಅಲ್ಲ, ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಕೂರುವ ಕೂಲರ್.

ನನ್ನದು ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಮದುವೆಗಳು ಜೋರಾಗುವುದು ಏಪ್ರಿಲ್-ಮೇನಲ್ಲಿ. ಬಿಸಿಲು 42 ಡಿಗ್ರಿ ಮುಟ್ಟುವುದೂ ಆಗಲೇ. ಕಂಪ್ಯೂಟರಿನಲ್ಲಿರುವುದು ಎಎಂಡಿ ಕಂಪನಿಯ ರೈಜನ್ 5 5600 ಪ್ರೊಸೆಸರ್, ಜೊತೆಗೆ ಅದೇ ಡಬ್ಬದಲ್ಲಿ ಬಂದ ರೇತ್ ಸ್ಟೆಲ್ತ್ ಎಂಬ ಪುಟ್ಟ ಕೂಲರ್. ಡಿಸೆಂಬರಿನಲ್ಲಿ ಅದರ ಮೇಲೆ ಏನೂ ತಕರಾರು ಇರಲಿಲ್ಲ. ಮೇನಲ್ಲಿ ಎರಡು ಗಂಟೆಯ ಮದುವೆ ಎಕ್ಸ್‌ಪೋರ್ಟ್‌ಗೆ (ಎಡಿಟ್ ಮುಗಿಸಿ ವಿಡಿಯೋ ಫೈಲ್ ಮಾಡಲು) ಇಟ್ಟರೆ ಫ್ಯಾನು ಹಿಟ್ಟಿನ ಗಿರಣಿ ಹಾಗೆ ಕೂಗುತ್ತಿತ್ತು.

ಆದರೂ ಸದ್ದು ಜಾಸ್ತಿ ಅಂತ ತಕ್ಷಣ ದುಡ್ಡು ಬಿಚ್ಚಬೇಡಿ. ಎಚ್‌ಡಬ್ಲ್ಯೂಇನ್ಫೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಹಾಕಿಕೊಳ್ಳಿ. ನೀವು ದಿನಾ ಮಾಡುವ ಭಾರದ ಕೆಲಸವನ್ನೇ ಅರ್ಧ ಗಂಟೆ ಓಡಿಸಿ ಪ್ರೊಸೆಸರ್ ಎಷ್ಟು ಬಿಸಿಯಾಗುತ್ತದೆ ನೋಡಿ. 5600ರ ಮಿತಿ 90 ಡಿಗ್ರಿ, ಇಂಟೆಲ್ ಐ5 12400ರದ್ದು 100. ಮಿತಿ ಮುಟ್ಟಿದರೆ ಅದು ಸುಟ್ಟುಹೋಗುವುದಿಲ್ಲ, ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಕೆಲಸ ಮಾತ್ರ ನಿಧಾನ. ನಿಮ್ಮದು 75, 80ರಲ್ಲೇ ನಿಂತಿದ್ದರೆ ಧೂಳು ಹೊಡೆದು ಸುಮ್ನೆ ಇರಿ. ನನ್ನದು 89 ತೋರಿಸುತ್ತಿತ್ತು.

ಇನ್ನೊಂದು ಮಾತು. ಏರ್ ಕೂಲರ್ ಪ್ರೊಸೆಸರಿನ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುತ್ತದೆ, ಅಷ್ಟೇ. ಕೋಣೆ ಹತ್ತು ಡಿಗ್ರಿ ಜಾಸ್ತಿ ಇದ್ದರೆ ಪ್ರೊಸೆಸರೂ ಹೆಚ್ಚುಕಮ್ಮಿ ಹತ್ತು ಡಿಗ್ರಿ ಜಾಸ್ತಿ. ಎಸಿ ರೂಮಲ್ಲಿ ಕೂತು ವಿಡಿಯೋ ಮಾಡಿದವರು "65 ದಾಟಲಿಲ್ಲ" ಅಂದರೆ, ನಮ್ಮ ಮೇ ತಿಂಗಳಿಗೆ ಅದನ್ನು 75 ಅಂತ ಓದಿಕೊಳ್ಳಬೇಕು.

ಕೊಳ್ಳುವ ಮುಂಚೆ ಮೊದಲು ನೋಡಬೇಕಾದದ್ದು ಸಾಕೆಟ್, ಅಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ನನ್ನದು ಎಎಂಡಿಯ ಎಎಂ4. ಅದರ ನಂತರದ ಎಎಂ5 ಬೋರ್ಡಿಗೂ ಹಳೆಯ ಎಎಂ4 ಕೂಲರ್‌ಗಳು ಬಹುತೇಕ ಕೂರುತ್ತವೆ. ಆದರೆ ಎಎಂ5 ಬೋರ್ಡಿನ ಹಿಂಬದಿಯ ಪ್ಲೇಟ್ ಬಿಚ್ಚಲು ಬರುವುದಿಲ್ಲ, ಹಾಗಾಗಿ ತನ್ನದೇ ಪ್ಲೇಟ್ ಬೇಕೆನ್ನುವ ಕೂಲರ್ ಆಗದು. ಇಂಟೆಲ್‌ನವರು ಇನ್ನೂ ಹುಷಾರು. ಎಲ್‌ಜಿಎ 1200 ಸಾಕೆಟ್ಟಿನ ತನಕ ಬೋರ್ಡಿನ ತೂತುಗಳ ಅಂತರ 75 ಮಿಲಿಮೀಟರ್ ಇತ್ತು, 1700ರಲ್ಲಿ 78 ಆಯಿತು. ಮೂರೇ ಮಿಲಿಮೀಟರ್, ಆದರೆ ಹಳೆಯ ಸ್ಟಾಕಿನ ಕೂಲರ್ ಕೂರದೇ ಇರಲು ಅಷ್ಟು ಸಾಕು. ಡಬ್ಬದ ಮೇಲೆ 1700 ಅಂತ ಬರೆದಿದೆಯಾ ನೋಡಿ.

ಆಮೇಲೆ ಎತ್ತರ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆಯಿರಿ. ಮದರ್‌ಬೋರ್ಡಿಗೆ ಸ್ಕೇಲ್ ನೆಟ್ಟಗೆ ಹಿಡಿದು, ಬಾಗಿಲು ಕೂರುವ ಅಂಚಿನ ತನಕ ಅಳೆಯಿರಿ. ಬಂದ ಅಳತೆಯಿಂದ ಒಂದು ಸೆಂಟಿಮೀಟರ್ ಕಳೆಯಿರಿ, ಯಾಕೆಂದರೆ ಕೂಲರ್ ಕೂರುವುದು ಬೋರ್ಡಿನ ಮೇಲಲ್ಲ, ಪ್ರೊಸೆಸರಿನ ಮೇಲೆ. ಡೀಪ್‌ಕೂಲ್ ಕಂಪನಿಯ ಎಜಿ400 ಕೂಲರಿನ ಎತ್ತರ 150 ಮಿಲಿಮೀಟರ್, ಎಕೆ400ರದ್ದು 155. ಹಳೇ ಸಣ್ಣ ಕ್ಯಾಬಿನೆಟ್ಟಾದರೆ ಎರಡೂ ಬಾಗಿಲಿಗೆ ತಾಗಬಹುದು. ಎತ್ತರದ ರ‍್ಯಾಮ್ ಇದ್ದರೆ ಅದಕ್ಕೆ ಫ್ಯಾನು ತಾಗುತ್ತದಾ ಅಂತಲೂ ನೋಡಿ.

ಡಬ್ಬದ ಮೇಲೆ "220 ವ್ಯಾಟ್" ಅಂತ ದೊಡ್ಡದಾಗಿ ಬರೆದಿರುತ್ತಾರಲ್ವಾ, ಅದಕ್ಕೆ ನಾನು ಬೆಲೆ ಕೊಡುವುದಿಲ್ಲ. ಒಂದೊಂದು ಕಂಪನಿ ಒಂದೊಂದು ಥರ ಅಳೆಯುತ್ತದೆ. ನಾನು ನೋಡುವುದು ಕಣ್ಣಿಗೆ ಕಾಣುವುದನ್ನು: ತಾಮ್ರದ ಪೈಪು ನಾಲ್ಕು ಇರಬೇಕು, ಫ್ಯಾನು 120 ಮಿಲಿಮೀಟರ್ ಇರಬೇಕು, ವೈರಿನ ತುದಿಯಲ್ಲಿ 4 ಪಿನ್ ಇರಬೇಕು. ಎರಡೇ ಪೈಪಿನ ಸಣ್ಣ ಕೂಲರ್ ಇನ್ನೂ ಅಗ್ಗಕ್ಕೆ ಸಿಗುತ್ತದೆ, ಆದರೆ ಡಬ್ಬದ ಜೊತೆ ಬಂದದ್ದಕ್ಕಿಂತ ಭಾರೀ ವ್ಯತ್ಯಾಸವೇನೂ ಇರುವುದಿಲ್ಲ. 5600 ಎಳೆಯುವುದೇ ಹೆಚ್ಚೆಂದರೆ 76 ವ್ಯಾಟ್, 12400 ಹೆಚ್ಚೆಂದರೆ 117. ಇಂಥವಕ್ಕೆ ಒಂದೇ ಗೋಪುರದ (ಅಂದರೆ ಲೋಹದ ರೆಕ್ಕೆಗಳ ಒಂದೇ ಕಟ್ಟಿನ), ನಾಲ್ಕು ಪೈಪಿನ ಕೂಲರ್ ಧಾರಾಳ. 180 ವ್ಯಾಟ್ ತನಕ ಹೋಗುವ ಐ7 12700 ಇದ್ದರೆ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಥರದ ಎರಡು ಗೋಪುರದ್ದು ನೋಡಿ. ವಾಟರ್ ಕೂಲಿಂಗ್ ಸಹವಾಸ ನನಗೆ ಬೇಡ. ಏರ್ ಕೂಲರಿನಲ್ಲಿ ಕೆಡುವುದು ಫ್ಯಾನು ಒಂದೇ, ಅದು ಬೇರೆ ಸಿಗುತ್ತದೆ.

ನಮ್ಮ ಅಣ್ಣನ ಮಗ "ಕಾಕಾ, ಲೈಟ್ ಇದ್ದದ್ದು ತಗೋರಿ" ಅಂದ. ಕ್ಯಾಬಿನೆಟ್ ಇರುವುದು ಮೇಜಿನ ಕೆಳಗೆ, ಲೈಟ್ ಯಾರಿಗೆ ತೋರಿಸಲಿ? ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ, ಲೈಟಿಲ್ಲದ ಎಜಿ400 ತಂದೆ. ಎರಡು ಸಾವಿರದ ಆಸುಪಾಸು.

ಕೂರಿಸುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಕಂಪ್ಯೂಟರ್ ರಾತ್ರಿಯೆಲ್ಲ ಆಫ್ ಇತ್ತು. ಬೆಳಿಗ್ಗೆ ನಾಲ್ಕು ಸ್ಕ್ರೂ ಬಿಚ್ಚಿ ಹಳೇ ಕೂಲರ್ ಸೀದಾ ಮೇಲಕ್ಕೆ ಎಳೆದೆ. ಪ್ರೊಸೆಸರಿನ ಬಿಸಿ ಕೂಲರಿಗೆ ದಾಟಲಿ ಅಂತ ನಡುವೆ ಹಚ್ಚುವ ಪೇಸ್ಟು ಒಣಗಿ ಪ್ರೊಸೆಸರನ್ನು ಹಿಡಿದುಕೊಂಡಿತ್ತು. ಲಾಕ್ ಹಾಕಿದ್ದ ಸಾಕೆಟ್ಟಿನಿಂದ ಅದು ಟಪ್ ಅಂತ ಕಿತ್ತುಕೊಂಡು ಬಂತು. ತಿರುಗಿಸಿ ನೋಡಿದರೆ ಮೂಲೆಯಲ್ಲಿ ಮೂರು ಪಿನ್ ಬಗ್ಗಿವೆ. ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು, ಎಟಿಎಂ ಕಾರ್ಡಿನ ಅಂಚಿನಿಂದ ಕೂದಲೆಳೆಯಷ್ಟೇ ನೂಕಿ ನೂಕಿ ನೆಟ್ಟಗೆ ಮಾಡಿದೆ. ಹತ್ತು ನಿಮಿಷ ಏನಾದರೂ ಭಾರದ ಕೆಲಸ ಓಡಿಸಿ, ಆಫ್ ಮಾಡಿ, ವೈರು ಕಿತ್ತು, ಪೇಸ್ಟು ಬೆಚ್ಚಗಿರುವಾಗಲೇ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿದ್ದರೆ ಆರಾಮಾಗಿ ಬಿಡುತ್ತಿತ್ತು. ಎಎಂ5 ಮತ್ತು ಇಂಟೆಲ್‌ನವರಿಗೆ ಈ ಭಯವಿಲ್ಲ, ಅಲ್ಲಿ ಪಿನ್ ಇರುವುದು ಸಾಕೆಟ್ಟಿನಲ್ಲಿ.

ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಹೊಸ ಕೂಲರಿನ ತಳದಲ್ಲಿ ಪಾರದರ್ಶಕ ಹಾಳೆ ಅಂಟಿದ್ದರೆ ಕಿತ್ತುಹಾಕಿ, ಮರೆಯುವವರು ಜಾಸ್ತಿ. ಪೇಸ್ಟು ನಡುವೆ ಒಂದು ದಪ್ಪ ತೊಗರಿ ಕಾಳಿನಷ್ಟು ಸಾಕು. ಸ್ಕ್ರೂಗಳನ್ನು ಒಂದೇ ಸಲ ಬಿಗಿಯಬೇಡಿ, ಇದಕ್ಕೆರಡು ಸುತ್ತು, ಎದುರಿನದಕ್ಕೆರಡು ಸುತ್ತು. ಗಾಳಿ ಕ್ಯಾಬಿನೆಟ್ಟಿನ ಹಿಂಬದಿಗೆ ಹೋಗುವಂತೆ ಫ್ಯಾನು ಹಾಕಿ. ವೈರನ್ನು ಬೋರ್ಡಿನಲ್ಲಿ "ಸಿಪಿಯು ಫ್ಯಾನ್" ಅಂತ ಬರೆದ ಕಡೆಗೇ ಚುಚ್ಚಿ.

ಅದೇ ಕೋಣೆ, ಅದೇ ಎರಡು ಗಂಟೆಯ ಮದುವೆ, ಈಗ 73 ತೋರಿಸುತ್ತದೆ. ಗಿರಣಿ ಸದ್ದಿಲ್ಲ.

ಕೋಣೆಯ ನೀರಿನ ಕೂಲರನ್ನು ಮಾತ್ರ ಕ್ಯಾಬಿನೆಟ್ಟಿನ ಕಡೆ ತಿರುಗಿಸಬೇಡಿ. ಆ ಹಸಿ ಗಾಳಿಗೆ ನಮ್ಮೂರಿನ ಧೂಳು ಸೇರಿದರೆ ಪ್ರೊಸೆಸರ್ ಕೂಲರಿನ ಲೋಹದ ರೆಕ್ಕೆಗಳ ನಡುವೆ ಕೆಸರಿನ ಹಾಗೆ ಮೆತ್ತುತ್ತದೆ. ಎರಡು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಿರಿ. ಹೊಡೆಯುವಾಗ ಫ್ಯಾನು ತಿರುಗದಂತೆ ಒಂದು ಬೆರಳು ಇಟ್ಟಿರಿ.