ಅಡಿಕೆ ಲೆಕ್ಕವನ್ನು ಜಾವಾ ಬೈಟ್‌ಕೋಡ್‌ಗೆ ಇಳಿಸಿದ್ದು

ಸಾಗರದ ಅಡಿಕೆ ಮಂಡಿಯೊಂದಕ್ಕೆ ನಾನು ಬರೆದುಕೊಟ್ಟ ಲೆಕ್ಕದ ತಂತ್ರಾಂಶ ಜಾವಾದಲ್ಲಿದೆ. ಅಡಿಕೆಯ ಬಗೆಗೊಂದು ಕಡಿತ: ರಾಶಿಗೊಂದು, ಬೆಟ್ಟೆಗೊಂದು, ಗೊರಬಲಿಗೆ ಮತ್ತೊಂದು. ಹಮಾಲಿಯ ಕೂಲಿ ಬದಲಾದಾಗಲೆಲ್ಲ ನನಗೇ ಫೋನು. ಸೂತ್ರವನ್ನು ಗುಮಾಸ್ತರೇ ಕನ್ನಡದಲ್ಲಿ ಬರೆದುಕೊಳ್ಳಲಿ ಎಂದು ಪುಟ್ಟ ಭಾಷೆಯೊಂದನ್ನು ಕಟ್ಟಿದೆ. ಅಲ್ಲಿಯ ಕಂಪ್ಯೂಟರಿನಲ್ಲಿ ಜಾವಾ ಪಠ್ಯವನ್ನು ಯಂತ್ರದ ಸಂಕೇತಕ್ಕೆ ಇಳಿಸುವ ಕಂಪೈಲರ್ ಇಲ್ಲ, ಆ ಸಂಕೇತವನ್ನು ಓಡಿಸುವ ಜೆವಿಎಂ (ಜಾವಾ ವರ್ಚುವಲ್ ಮಷೀನ್) ಮಾತ್ರ ಇದೆ. ಹಾಗಾಗಿ ಸೂತ್ರವನ್ನು ನೇರವಾಗಿ ಬೈಟ್‌ಕೋಡ್, ಅಂದರೆ ಜೆವಿಎಂ ಓದುವ ಆ ಸಂಕೇತ, ಮಾಡಿದೆ. ಇಷ್ಟಕ್ಕೆ ಸೂತ್ರವನ್ನು ಓದುತ್ತಲೇ ಲೆಕ್ಕ ಮಾಡುವ ಇಂಟರ್‌ಪ್ರಿಟರ್ ಸಾಕಿತ್ತಲ್ಲ ಎಂದರೆ ನಾನು ಜಗಳವಾಡುವುದಿಲ್ಲ. ಮಳೆಗಾಲದ ಸಂಜೆಗಳಿಗೆ ಒಂದು ಕೆಲಸ ಬೇಕಿತ್ತು.

ಸೂತ್ರವನ್ನು ಒಡೆದು ಲೆಕ್ಕದ ಕವಲುಗಳ ಮರವಾಗಿಸುವುದು ಎಲ್ಲ ಪಠ್ಯಪುಸ್ತಕಗಳಲ್ಲೂ ಇರುವ ಕೆಲಸ. ಆಮೇಲಿನದೇ ರುಚಿ. ‘ತೂಕ × ದರ’ ಎಂಬುದು 30, 32, 105, 173 ಎಂಬ ನಾಲ್ಕು ಬೈಟ್ ಆಗುತ್ತದೆ: ತೂಕವನ್ನು ಸ್ಟ್ಯಾಕಿಗೆ (ಮೌಲ್ಯಗಳನ್ನು ಒಂದರ ಮೇಲೊಂದು ಪೇರಿಸುವ ಜಾಗಕ್ಕೆ) ಏರಿಸು, ದರವನ್ನು ಏರಿಸು, ಗುಣಿಸು, ಹಿಂದಿರುಗಿಸು. ದಶಾಂಶದ 0.1 ದ್ವಿಮಾನದಲ್ಲಿ ಕರಾರುವಾಕ್ಕಾಗಿ ಕೂರುವುದಿಲ್ಲವಾದ್ದರಿಂದ ಹಣವನ್ನೆಲ್ಲ ಪೈಸೆಯಲ್ಲಿ, ಲಾಂಗ್ ಎಂಬ ದೊಡ್ಡ ಬಗೆಯ ಪೂರ್ಣಾಂಕವಾಗಿ ಇಟ್ಟೆ. ಲಾಂಗ್ ಎರಡು ಸ್ಥಾನ ಹಿಡಿಯುತ್ತದೆ. ತೂಕ ಸೊನ್ನೆಯ ಸ್ಥಾನದಲ್ಲಿದ್ದರೆ ದರ 1ರಲ್ಲಿ ಅಲ್ಲ, 2ರಲ್ಲಿ. ಸ್ಟ್ಯಾಕಿನ ಗರಿಷ್ಠ ಆಳವನ್ನೂ 4 ಎಂದೇ ನಮೂದಿಸಬೇಕು.

ಕನ್ನಡದ ಹೆಸರುಗಳಿಗೆ ಜೆವಿಎಂ ತಕರಾರು ಮಾಡುವುದಿಲ್ಲ. ಆದರೆ ಬೈಟ್‌ಕೋಡ್ ಕೂರುವ ಕ್ಲಾಸ್ ಕಡತದ ಕಾನ್‌ಸ್ಟಂಟ್ ಪೂಲ್‌ನಲ್ಲಿ (ಹೆಸರು, ಸ್ಥಿರಾಂಕಗಳ ಪಟ್ಟಿಯಲ್ಲಿ) ಹೆಸರಿನ ಉದ್ದವನ್ನು ಬೈಟ್‌ಗಳಲ್ಲಿ ಬರೆಯಬೇಕು. ‘ತೂಕ’ ಕಣ್ಣಿಗೆ ಎರಡಕ್ಷರ. ಕಡತದಲ್ಲಿ 9 ಬೈಟ್: ತ, ಊಕಾರದ ಚಿಹ್ನೆ, ಕ, ತಲಾ ಮೂರು.

ನಿಜವಾದ ತಲೆನೋವು ‘ರಾಶಿಯಾದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂಬಲ್ಲಿ. ಎರಡು ಕವಲು ಕೂಡುವ ಜಾಗಕ್ಕೆ ಯಾವ ದಾರಿಯಿಂದ ಬಂದರೂ ಸ್ಟ್ಯಾಕಿನ ಆಳ, ಮೌಲ್ಯಗಳ ಬಗೆ ಒಂದೇ ಇರಬೇಕು. ಒಂದು ಕವಲು ಇಂಟ್ (ಚಿಕ್ಕ ಪೂರ್ಣಾಂಕ), ಇನ್ನೊಂದು ಲಾಂಗ್ ಬಿಟ್ಟುಹೋದರೆ, ಓಡಿಸುವ ಮುಂಚೆ ಕೋಡನ್ನು ಪರೀಕ್ಷಿಸುವ ವೆರಿಫೈಯರ್ ಕ್ಲಾಸನ್ನು ಒಳಗೇ ಬಿಡುವುದಿಲ್ಲ. ಜಾವಾ 7ರ ಕ್ಲಾಸ್ ಕಡತದಿಂದ, ಅಂದರೆ ಆವೃತ್ತಿ 51ರಿಂದ, ಅಂಥ ಜಾಗಗಳ ಸ್ಥಿತಿಯನ್ನು ಸ್ಟ್ಯಾಕ್‌ಮ್ಯಾಪ್ ಕೋಷ್ಟಕದಲ್ಲಿ ನಾವೇ ಬರೆದುಕೊಡುವುದು ಕಡ್ಡಾಯ. ಆವೃತ್ತಿಯನ್ನು 49 ಎಂದು ಹಾಕಿದರೆ ಹಳೆಯ ವೆರಿಫೈಯರ್ ಅದನ್ನು ತಾನೇ ಊಹಿಸಿಕೊಳ್ಳುತ್ತದೆ. ಮೊದಲಿಗೆ ಅದೇ ಒಳದಾರಿ ಹಿಡಿದೆ. ಆಮೇಲೆ ಬೈಟ್‌ಕೋಡ್ ಬರೆಯಲು ನೆರವಾಗುವ ಎಎಸ್‌ಎಂ ಎಂಬ ಸಿದ್ಧ ಕೋಡಿನ ಗ್ರಂಥಾಲಯಕ್ಕೆ ಬಂದೆ, ಕೋಷ್ಟಕದ ಗಣಿತವನ್ನು ಅದಕ್ಕೇ ಬಿಟ್ಟೆ. ಹೊಸಬರಿಗೂ ಅದನ್ನೇ ಹೇಳುತ್ತೇನೆ, ಆದರೆ ಒಂದು ಕ್ಲಾಸನ್ನಾದರೂ ಮೊದಲು ಕೈಯಾರೆ ಬರೆಯಿರಿ. ಇಲ್ಲದಿದ್ದರೆ ವೆರಿಫೈಯರ್‌ನ ಬೈಗುಳ ಅರ್ಥವಾಗುವುದಿಲ್ಲ.

ಕ್ಲಾಸ್‌ಗಳನ್ನು ಜೆವಿಎಂಗೆ ತುಂಬಿಸುವ ಒಂದು ಕ್ಲಾಸ್‌ಲೋಡರ್ ಒಂದೇ ಹೆಸರಿನ ಕ್ಲಾಸನ್ನು ಎರಡು ಸಲ ಒಪ್ಪುವುದಿಲ್ಲ. ಆದ್ದರಿಂದ ಸೂತ್ರ ತಿದ್ದಿದಾಗಲೆಲ್ಲ ಹೊಸ ಲೋಡರ್ ಹುಟ್ಟಿಸುತ್ತೇನೆ. ವ್ಯಾಪಾರದ ನಡುವೆ ಹಮಾಲಿ ಬದಲಾದರೂ ಗುಮಾಸ್ತರು ಈಗ ತಂತ್ರಾಂಶವನ್ನು ಮುಚ್ಚಿ ತೆರೆಯಬೇಕಿಲ್ಲ.